‘ಭದ್ರ’ ಎಂದು ಓದಿಕೊಳ್ಳಬೇಕು

ಗುರುವಾರ, ಜೂನ್ 5

ಒಂದು ಕಾಲದಲ್ಲಿ ಅಕ್ಷರರಕ್ಷಕರೂ ಇತ್ತೀಚೆಗೆ ಅಕ್ಷರಭಕ್ಷಕರೂ ಆಗಿರುವ ಸೋದರಮಾವನವರ ದಿವ್ಯ ಸನ್ನಿಧಾನಕ್ಕೆ,

ತಮ್ಮ ಒಬ್ಬಳೇ ಅಕ್ಕನ ಒಬ್ಬಳೇ ಮಗಳು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ನಾನೀಗ ತಮ್ಮ ಕುರ್ಚಿಯಲ್ಲಿ ಕುಳಿತಿದ್ದೇನೆ. ಮೂವತ್ತೊಂದು ವರ್ಷ ತಾವು ಕುಳಿತು ನಮ್ಮ ವಾರಪತ್ರಿಕೆಯ ಪ್ರೂಫ್ ನೋಡಿದ ಅದೇ ಕುರ್ಚಿ. ಮೇಜಿನ ಮೇಲೆ ತಮ್ಮದೇ ಸ್ಕೇಲು. ಕೆಳಗೆ ತಮ್ಮದೇ ದಿಂಬು. ದಿಂಬಿನ ಒಂದು ಮೂಲೆಯಿಂದ ಹತ್ತಿ ಇಣುಕುತ್ತಿದೆ. ಅದನ್ನು ನಾನು ಒಳಗೆ ತಳ್ಳಿಲ್ಲ. ತಮ್ಮ ಸೀಲಿಲ್ಲದೆ ಈಗ ಈ ಊರಿನಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲವಲ್ಲ.

ಎರಡು ತಿಂಗಳಾಯಿತು, ಮಾವ. ಅಚ್ಚಾಗುವ ಮುಂಚೆ ಪ್ರತಿ ಪುಟವನ್ನೂ ಇಲಾಖೆಗೆ ತೋರಿಸಬೇಕು ಎಂದು ಕಾನೂನು ಬಂತು. ತೋರಿಸಿದ್ದನ್ನು ಓದಲು ಇಲಾಖೆಗೆ ಓದು ಬರುವ ಒಬ್ಬರು ಬೇಕಾದರು. ತಾವು ಕನ್ನಡಕ ಒರೆಸಿಕೊಂಡು ಜಿಲ್ಲಾ ಕಚೇರಿಗೆ ಹೊರಟೇಬಿಟ್ಟಿರಿ. ಈಗ ಪ್ರತಿ ಗುರುವಾರ ಬೆಳಿಗ್ಗೆ ಏಳರ ಬಸ್ಸಿನ ಕಂಡಕ್ಟರ್ ನಮ್ಮ ಪ್ರೂಫಿನ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮಲ್ಲಿಗೆ ತರುತ್ತಾನೆ. ಮಾರನೇ ದಿನ ಕೆಂಪು ಗೀಟುಗಳ ಸಮೇತ ವಾಪಸು ತರುತ್ತಾನೆ. ಪುಟದ ಅಡಿಯಲ್ಲಿ ‘ಪರಿಶೀಲಿಸಿದ್ದು: ಅಧಿಕಾರಿ ಮೂರು’ ಎಂದು ಅಚ್ಚಾಗುತ್ತದೆ. ಅಧಿಕಾರಿ ಮೂರು ಯಾರೆಂಬುದು ಪರಮ ರಹಸ್ಯ. ಕಂಡಕ್ಟರಿಗೆ, ಕ್ಷೌರದಂಗಡಿಯವನಿಗೆ, ಶಾಲೆಯ ಒಟ್ಟು ಮಕ್ಕಳಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ.

ಅಮ್ಮ ಈ ಎರಡು ತಿಂಗಳಲ್ಲಿ ‘ನನ್ನ ತಮ್ಮ’ ಎಂದಿಲ್ಲ. ‘ಆ ಸೀಲು’ ಎನ್ನುತ್ತಾಳೆ. ‘ಆ ಸೀಲು ಊಟ ಎಲ್ಲಿ ಮಾಡುತ್ತೋ ಏನೋ’ ಎಂದು ಒಮ್ಮೆ ಒಲೆಯ ಕಡೆ ಮುಖಮಾಡಿ ಹೇಳಿದ್ದನ್ನು ನಾನು ಕದ್ದು ಕೇಳಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಹೊಳೆಯ ಸೇತುವೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಡುಗಂಬದ ಮೇಲೆ ಬಿರುಕು ಬಿಟ್ಟಿದೆ. ತಮ್ಮ ಸ್ಕೇಲನ್ನೇ ಒಳಗೆ ಇಳಿಸಿ ನೋಡಿದೆ. ಆರು ಇಂಚು ‘ಬನ್ನಿ ಬನ್ನಿ’ ಅಂದ ಹಾಗೆ ಹೋಯಿತು. ತಾವು ನಾಲ್ಕೂ ಸಾಲಿನ ಮೇಲೆ ಕೆಂಪು ಗೀಟು ಎಳೆದಿರಿ. ಖಾಲಿ ಜಾಗ ಬಿಡುವ ಹಾಗಿಲ್ಲ ಎಂದು ಇಲಾಖೆಯೇ ಅಲ್ಲಿಗೆ ತುಂಬಲು ಎರಡು ಸಾಲು ದಯಪಾಲಿಸಿತು: ‘ಹೊಳೆಯ ಸೇತುವೆ ಭದ್ರವಾಗಿದೆ. ಸಾರ್ವಜನಿಕರು ನಿಶ್ಚಿಂತೆಯಿಂದ ಓಡಾಡಬಹುದು.’ ಶನಿವಾರ ಅಚ್ಚಾಗಿ ಬಂತು, ಅಡಿಯಲ್ಲಿ ‘ಅಧಿಕಾರಿ ಮೂರು’.

ಅಮ್ಮ ಓದಿದಳು. ಕತ್ತರಿ ಎಲ್ಲಿ ಅಂದಳು.

ಇಂತಿ, ಪದಕ್ಕೊಂದು ಕೊಂಬು ಸೇರಿಸಿ ‘ಅಮ್ಮು ಊಟು ಕೊಡು’ ಎಂದು ಬರೆದ ತಪ್ಪಿಗೆ ತಮ್ಮಿಂದಲೇ ಈ ಹೆಸರು ಪಡೆದ,
ಕೊಂಬು


ಶುಕ್ರವಾರ, ಜೂನ್ 6

ಚಿ. ಕೊಂಬಿಗೆ ಆಶೀರ್ವಾದ.

ನಿನ್ನ ಪತ್ರ ಪ್ರೂಫಿನ ಲಕೋಟೆಯಲ್ಲಿ ಬಂದದ್ದರಿಂದ ನಿಯಮದಂತೆ ಪರಿಶೀಲಿಸಿ, ಏಳು ತಪ್ಪು ತಿದ್ದಿ, ಸೀಲು ಒತ್ತಿ ವಾಪಸು ಕಳಿಸಿದ್ದೇನೆ. ‘ಅಕ್ಷರಭಕ್ಷಕ’ ಸಮಾಸ ಸರಿಯಾಗಿದೆ, ಅದನ್ನು ಮುಟ್ಟಿಲ್ಲ.

ಮನೆಯ ಪತ್ರಗಳನ್ನು ಸರ್ಕಾರಿ ಲಕೋಟೆಯಲ್ಲಿ ಇಡಕೂಡದು. ಈ ಪತ್ರವೂ ಅದೇ ಲಕೋಟೆಯಲ್ಲಿ ಬಂದಿದೆಯಲ್ಲ ಎಂದು ನೀನು ಕೇಳುತ್ತೀಯ. ಕೇಳಬೇಡ.

ಸೇತುವೆಯ ವಿಷಯ ನನ್ನ ಕೈಯಲ್ಲಿಲ್ಲ. ಅದನ್ನು ಉದ್ಘಾಟಿಸಿದವರು ಈಗ ಮಂತ್ರಿಗಳು. ಮುಂದೆ ಗೊಂದಲವಾಗದಿರಲಿ ಎಂದು ನಮ್ಮ ಸಾಹೇಬರು ತಾವೇ ಸ್ವಹಸ್ತದಿಂದ ಬರೆದು ಸಹಿ ಮಾಡಿರುವ ನಿಷೇಧಿತ ಪದಗಳ ಪಟ್ಟಿಯನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಕಳಿಸುತ್ತಿದ್ದೇನೆ: ಬಿರುಕು, ಸೀಳು, ಒಡಕು, ಕುಸಿತ, ಚಿದ್ರ.

ಐದನೆಯದರ ಕಾಗುಣಿತ ಸಾಹೇಬರದು. ನನ್ನದಲ್ಲ. ಛಿದ್ರಕ್ಕೆ ಮಹಾಪ್ರಾಣ ಬೇಕೆಂದು ಹೇಳಲು ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಂದೆ.

ನಾನು ಬರೆಯುವವನಲ್ಲ, ಬರೆಸುವವನೂ ಅಲ್ಲ; ನೋಡುವವನು. ಪ್ರೂಫ್ ನೋಡುವವನ ಕಣ್ಣಿಗೆ ಅಕ್ಷರ ಕಾಣಬೇಕು, ಅರ್ಥ ಕಾಣಬಾರದು ಎಂದು ನಿನಗೆ ಹೇಳಿಕೊಟ್ಟವನೇ ನಾನು.

ಕತ್ತರಿ ಯಾಕೆ?

ಅಕ್ಕ ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಾಳೆ? ಗಿರಣಿಯ ದಾರಿ ಸುತ್ತಾದರೂ ನೆರಳಿದೆ. ಸುಮ್ಮನೆ ಕೇಳಿದೆ.

ನಿನ್ನ ಮಾವ


ಗುರುವಾರ, ಜೂನ್ 12

ಅಧಿಕಾರಿ ಮೂರು ಅವರ ಪಾದಾರವಿಂದಗಳಿಗೆ,

ಕತ್ತರಿಯ ವಿಚಾರಣಾ ವರದಿ ಹೀಗಿದೆ.

ಅಮ್ಮ ಆ ಎರಡು ಸಾಲನ್ನು, ಪುಟದ ಅಡಿಯ ‘ಅಧಿಕಾರಿ ಮೂರು’ ಸಮೇತ, ಕತ್ತರಿಸಿದಳು. ಅಂಚು ಮಡಿಚಿ ತನ್ನ ಹೊಲಿಗೆ ಚೀಲದ ಮೇಲೆ ನಾಲ್ಕೂ ಕಡೆ ಹೊಲಿದುಬಿಟ್ಟಳು. ಶಾಲೆಯಲ್ಲಿ ಹೊಲಿಗೆ ಕಲಿಸುವವಳು, ಹೊಲಿಗೆ ಬಲವಾಗಿಯೇ ಇದೆ. ಈಗ ಅವಳು ಬೀದಿಯಲ್ಲಿ ಹೊರಟರೆ ಮುಂದೆ ಅಮ್ಮ, ಪಕ್ಕದಲ್ಲಿ ‘ಸೇತುವೆ ಭದ್ರವಾಗಿದೆ, ಅಧಿಕಾರಿ ಮೂರು’. ದಾರಿಯ ಬಗ್ಗೆ ನಮ್ಮಿಬ್ಬರ ನಡುವೆ ಆದ ಮಾತುಕತೆಯನ್ನು ಅಕ್ಷರ ಬಿಡದೆ ಕೊಡುತ್ತೇನೆ.

‘‘ಅಮ್ಮಾ, ಗಿರಣಿ ದಾರೀಲಿ ಹೋಗು.’’

‘‘ಯಾಕೆ? ಸೇತುವೆ ಭದ್ರವಾಗಿದೆಯಂತಲ್ಲ.’’

‘‘ನಾನೇ ಸ್ಕೇಲು ಇಳಿಸಿ ನೋಡಿದೀನಿ.’’

‘‘ನೀನು ನಿನ್ನೆ ಹುಟ್ಟಿದವಳು. ಅವನು ಮೂವತ್ತೊಂದು ವರ್ಷ ಒಂದು ಸೊನ್ನೆ, ಒಂದು ಒತ್ತು ತಪ್ಪಿ ಹೋಗೋಕೆ ಬಿಟ್ಟವನಲ್ಲ. ಅವನು ಓದಿ, ಸೀಲು ಒತ್ತಿ, ಓಡಾಡಿ ಅಂದಿದಾನೆ. ಓಡಾಡ್ತೀನಿ. ‘ತಪ್ಪಾಯ್ತು, ಸೇತುವೆ ಸರಿಯಿಲ್ಲ’ ಅಂತ ಅವನದೇ ಸೀಲಿನ ಮೇಲೆ ಅಚ್ಚಾಗಿ ಬರೋವರೆಗೂ ಅದರ ಮೇಲೇ ಹೋಗೋದು, ಅದರ ಮೇಲೇ ಬರೋದು.’’

‘‘ಬಿದ್ದರೆ?’’

‘‘ಬಿದ್ದರೆ ಚೀಲದ ಮೇಲೆ ಬರೆದಿದೆಯಲ್ಲ, ತೋರಿಸ್ತೀನಿ.’’

ಯಾರಿಗೆ ತೋರಿಸುತ್ತಾಳೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಭಾನುವಾರ ಶಾಲೆಗೆ ರಜೆ. ಆದರೂ ಹೋದಳು. ನಡುಗಂಬದ ಮೇಲೆ ಸರಿಯಾಗಿ ನಿಂತು ಒಂದು ಕಿತ್ತಳೆ ಹಣ್ಣು ಸುಲಿದು, ತೊಳೆತೊಳೆಯಾಗಿ ತಿಂದಳು. ನಾನು ದಡದಲ್ಲಿ ನಿಂತು ‘ಬೇಗ ತಿನ್ನಮ್ಮಾ’ ಎಂದು ಕೂಗುತ್ತಿದ್ದೆ. ಒಂದು ಲಾರಿ ಬಂತು. ಸೇತುವೆ ‘ಹೂಂ’ ಅಂದಿತು. ಅಮ್ಮ ಬಗ್ಗಿ, ‘‘ಏನಂದೆ?’’ ಎಂದು ಕೇಳಿ, ಉತ್ತರ ಬಾರದ್ದನ್ನು ನೋಡಿ ಮುಂದಿನ ತೊಳೆ ಬಾಯಿಗಿಟ್ಟಳು.

ತಮ್ಮ ಪಟ್ಟಿಯಿಂದ ಪತ್ರಿಕೆಗೆ ಆದ ಉಪಕಾರವನ್ನೂ ನಿವೇದಿಸಬೇಕು. ಹಿಮ್ಮಡಿಗೆ ಹಚ್ಚುವ ಮುಲಾಮಿನ ಜಾಹೀರಾತಿನಲ್ಲಿ ‘ಬಿರುಕು’ ತೆಗೆದದ್ದರಿಂದ ಈ ವಾರ ಅದು ‘ನಿಮ್ಮ ಹಿಮ್ಮಡಿ ಭದ್ರವಾಗಿದೆಯೇ? ನಮ್ಮ ಮುಲಾಮು ಹಚ್ಚಿ, ನಿಶ್ಚಿಂತೆಯಿಂದ ಓಡಾಡಿ’ ಎಂದಾಗಿದೆ. ಔಷಧಿ ಅಂಗಡಿಯವರು ಸಂಪಾದಕರ ಮೇಜಿನ ಮುಂದೆ ಚಪ್ಪಲಿ ಬಿಟ್ಟು ಹಿಮ್ಮಡಿ ತೋರಿಸಿ, ‘‘ಇದನ್ನ ಏನಂತ ಕರೀಲಿ ಸ್ವಾಮಿ, ನೀವೇ ಹೇಳಿ’’ ಎಂದರು. ಸಂಪಾದಕರು ಬಹಳ ಹೊತ್ತು ಹಿಮ್ಮಡಿಯನ್ನೇ ನೋಡಿ, ‘‘ನನ್ನ ಬಾಯಲ್ಲಿ ಹೇಳಿಸಬೇಡಿ’’ ಎಂದರು.

ತಮ್ಮ ಆಜ್ಞಾಧಾರಕಳು,
ಕೊಂಬು


ಶುಕ್ರವಾರ, ಜೂನ್ 13

ಚಿ. ಕೊಂಬಿಗೆ,

ಅಕ್ಕನಿಗೆ ಬುದ್ಧಿ ಹೇಳು. ನಾನು ಹೇಳಿದೆ ಎಂದು ಹೇಳಬೇಡ. ನಾನು ಹೇಳಿಲ್ಲ ಎಂದೂ ಹೇಳಬೇಡ.

ಕಿತ್ತಳೆ ಹಣ್ಣನ್ನು ಮನೆಯಲ್ಲಿ ತಿನ್ನಬಹುದಲ್ಲ?

ಇಲ್ಲಿ ಒಂದು ಕೋಣೆಯಲ್ಲಿ ನಾವು ಮೂವರು. ಅಧಿಕಾರಿ ಒಂದು ನಿದ್ದೆ ಮಾಡುತ್ತಾರೆ, ಅಧಿಕಾರಿ ಎರಡು ಅವರನ್ನು ಎಬ್ಬಿಸುತ್ತಾರೆ, ನಾನು ಓದುತ್ತೇನೆ. ಫ್ಯಾನು ಹಾಕಿದರೆ ಪುಟಗಳು ಹಾರುತ್ತವೆ, ನಿಲ್ಲಿಸಿದರೆ ಬೆವರು ತೊಟ್ಟಿಕ್ಕಿ ಮಸಿ ಹರಡುತ್ತದೆ. ನನ್ನ ಸೀಲಾದ ಮೇಲೆ ಪ್ರತಿ ಪುಟವೂ ಸಾಹೇಬರ ಮೇಜಿಗೆ ಹೋಗಿ ಅವರ ಸಹಿ ಪಡೆಯಬೇಕು. ಅವರು ಓದುವುದಿಲ್ಲ. ಕೆಂಪು ಗುರುತು ಇದೆಯೇ ಎಂದು ಮಾತ್ರ ನೋಡುತ್ತಾರೆ. ಗುರುತಿಲ್ಲದ ಪುಟ ಕಂಡರೆ ‘ಏನ್ರೀ, ಕೆಲಸ ಮಾಡಿಲ್ವಾ’ ಎನ್ನುತ್ತಾರೆ. ಒಂದು ಗುರುತು ಕಂಡರೆ ಸಾಕು, ಸಮಾಧಾನದಿಂದ ಸಹಿ ಹಾಕುತ್ತಾರೆ. ಇದು ಕಚೇರಿಯ ವಿಷಯ, ನಿನಗೆ ಸಂಬಂಧವಿಲ್ಲ. ಪತ್ರ ಉದ್ದವಾಗಲಿ ಎಂದು ಬರೆದೆ.

ಇನ್ನೊಂದು. ಅಧಿಕಾರಿ ತಿದ್ದಿದ್ದನ್ನು ತಿದ್ದಿದ ಹಾಗೆಯೇ ಅಚ್ಚು ಹಾಕತಕ್ಕದ್ದು, ಬದಲಿಸಿದರೆ ಅಪರಾಧ ಎಂದು ಒಂಬತ್ತನೇ ನಿಯಮ ಹೇಳುತ್ತದೆ. ಮುಲಾಮಿನ ಜಾಹೀರಾತಿಗೆ ನೀವೇ ಸೇರಿಸಿದ ‘ನಿಶ್ಚಿಂತೆ’ ನನ್ನ ತಿದ್ದುಪಡಿಯಲ್ಲಿ ಇರಲಿಲ್ಲ. ಮುಂದೆ ಎಚ್ಚರವಿರಲಿ.

ನಿನ್ನ ಮಾವ


ಗುರುವಾರ, ಜೂನ್ 19

ಮಾವ,

ನಿನ್ನೆ ಸಂಜೆ ಸೇತುವೆಯಿಂದ ಒಂದು ಕಲ್ಲು ಕಳಚಿ ಹೊಳೆಗೆ ಬಿತ್ತು. ಅಮ್ಮ ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದಳು. ಅವಳು ತಿರುಗಿ ನೋಡಲಿಲ್ಲ. ನಾನು ನೋಡಿದೆ.

ಈ ವಾರದ ಪ್ರೂಫಿನಲ್ಲಿ ಕಾಗುಣಿತ ಅಲ್ಲಲ್ಲಿ ತಪ್ಪಿರಬಹುದು. ಕೈ ಸ್ವಲ್ಪ ನಡುಗುತ್ತಿತ್ತು.

ಕೊಂಬು


ಶುಕ್ರವಾರ, ಜೂನ್ 20

ಪುಟ ತಲುಪಿತು. ನೋಡಿದೆ.

ಮಾವ


ಶನಿವಾರ, ಜೂನ್ 21

ಮಹಾಪ್ರಾಣದಾತರಾದ ಮಾವನವರಿಗೆ ಸಾವಿರದ ಒಂದು ನಮಸ್ಕಾರ,

ನಿನ್ನೆ ಬೆಳಿಗ್ಗೆ ಲಕೋಟೆ ಒಡೆದಾಗ ಏನಾಯಿತೆಂದು ಚರಿತ್ರೆಗಾಗಿ ದಾಖಲಿಸುತ್ತಿದ್ದೇನೆ.

ನಾನು ಕಳಿಸಿದ ಸಾಲು ಹೀಗಿತ್ತು: ‘ಹೊಳೆಯ ಸೇತುವೆ ನಡುವೆ ಚಿದ್ರವಾಗಿದೆ. ಸ್ಕೇಲು ಆರು ಇಂಚು ಒಳಗೆ ಇಳಿಯುತ್ತದೆ. ಜನರು ಗಿರಣಿಯ ದಾರಿ ಹಿಡಿಯಬೇಕು.’ ಪುಟಕ್ಕೆ ಪುಟವೇ ಕೆಂಪಾಗಿ ಬರುತ್ತದೆ ಎಂದುಕೊಂಡಿದ್ದೆ. ತೆರೆದು ನೋಡಿದರೆ ಮೂರೂ ಸಾಲು ಹಾಗೇ ಇವೆ. ‘ಚ’ದ ಸುತ್ತ ಮಾತ್ರ ಒಂದು ಪುಟ್ಟ ಕೆಂಪು ಸುತ್ತು. ಅಂಚಿನಲ್ಲಿ ತಮ್ಮ ಮುತ್ತಿನಂಥ ಅಕ್ಷರದಲ್ಲಿ ‘ಛ’. ಅಡಿಯಲ್ಲಿ ತಮ್ಮ ಸೀಲು. ಸೀಲಿನ ಪಕ್ಕ ಸಾಹೇಬರ ಸಹಿ, ಬಾಲ ಎತ್ತಿದ ಬೆಕ್ಕಿನ ಹಾಗೆ.

ಸಂಪಾದಕರಿಗೆ ತೋರಿಸಿದೆ. ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು.

‘‘ಇದೇನಿದು, ತಪ್ಪಿ ಬಿಟ್ಟಿದಾರಾ?’’

‘‘ಬಿಟ್ಟಿಲ್ಲ ಸರ್. ತಿದ್ದಿದಾರೆ.’’

‘‘ನಾವೀಗ ಏನು ಮಾಡೋದು?’’

‘‘ಒಂಬತ್ತನೇ ನಿಯಮ ಸರ್. ತಿದ್ದಿದ್ದನ್ನ ತಿದ್ದಿದ ಹಾಗೆ ಅಚ್ಚು ಹಾಕದೇ ಇದ್ದರೆ ಅಪರಾಧ.’’

‘‘ಅಂದರೆ ಕಾನೂನು ಪಾಲಿಸಬೇಕು ಅಂತೀಯ?’’

‘‘ಪತ್ರಿಕೆ ಶುರುವಾದಾಗಿನಿಂದ ಒಂದು ಸಲವಾದರೂ ಪಾಲಿಸೋಣ ಸರ್.’’

ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಅಜ್ಜನಿಗೆ ಇನ್ನೊಂದು ಕಷ್ಟ ಬಂತು. ‘ಛ’ದ ಮೊಳೆ ಅವರ ಕೈಗೆ ಬಂದು ವರ್ಷಗಳೇ ಆಗಿವೆಯಂತೆ. ಮೊಳೆಗಳ ಮರದ ಪೆಟ್ಟಿಗೆಯ ಮೂಲೆಯಿಂದ ಹೆಕ್ಕಿ, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ‘‘ಬಾರಪ್ಪಾ, ಕೆಲಸ ಬಂತು’’ ಎಂದು ಕೂರಿಸಿದರು.

ಇವತ್ತು ಬೆಳಿಗ್ಗೆ ಪತ್ರಿಕೆ ಬಂತು. ಅಮ್ಮ ಓದಿದಳು. ಪುಟದ ಅಡಿಯ ‘ಅಧಿಕಾರಿ ಮೂರು’ ಮೇಲೆ ಬೆರಳಿಟ್ಟಳು. ಮತ್ತೆ ಮೇಲೆ ಹೋಗಿ ಓದಿದಳು. ಚೀಲದ ಹೊಲಿಗೆ ಬಿಚ್ಚಿ ಹಳೆಯ ಚೂರು ತೆಗೆದಳು. ಶಾಲೆಗೆ ಗಿರಣಿಯ ದಾರಿಯಲ್ಲಿ ಹೊರಟಳು. ಹೊರಡುವಾಗ ಬಾಗಿಲಲ್ಲಿ ನಿಂತು, ‘‘ನನ್ನ ತಮ್ಮ ಪೆದ್ದ. ಈಗ ಅವನ ಗತಿ ಏನು?’’ ಎಂದಳು.

‘ನನ್ನ ತಮ್ಮ’ ಅಂದಳು, ಮಾವ. ಅದನ್ನು ಹೇಳಲೆಂದೇ ಇಷ್ಟು ಉದ್ದ ಬರೆದೆ. ಅವಳ ಪ್ರಶ್ನೆಯನ್ನು ಮಾತ್ರ ನಿಮಗೇ ದಾಟಿಸುತ್ತಿದ್ದೇನೆ. ನಿಮ್ಮ ಗತಿ ಏನು?

ಕೊಂಬು


ಗುರುವಾರ, ಜೂನ್ 26

ಚಿ. ಕೊಂಬಿಗೆ,

ಈ ಪತ್ರ ಅಂಚೆಯಲ್ಲಿ ಬರುತ್ತಿದೆ. ಲಕೋಟೆ ಈಗ ನನ್ನ ಕೈಯಲ್ಲಿಲ್ಲ, ಸೀಲೂ ಇಲ್ಲ. ಕುರ್ಚಿ ಇದೆ. ಗತಿ ಸದ್ಯಕ್ಕೆ ಅಷ್ಟೇ.

ಸೋಮವಾರ ಸಾಹೇಬರು ಕರೆಸಿದರು. ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡಿದ್ದರು. ಬೇರೆಯವರ ಬಾಯಿಂದ ಬಣ್ಣ ಕಟ್ಟಿಕೊಂಡು ಬರುವ ಮುಂಚೆ ನಾನೇ ಬರೆಯುತ್ತೇನೆ.

‘‘ಏನ್ರೀ ಇದು?’’

‘‘ಕಾಗುಣಿತ ತಪ್ಪಿತ್ತು ಸರ್. ತಿದ್ದಿದೀನಿ.’’

‘‘ಛಿದ್ರ ಅಂತ ತಿದ್ದಿದೀರಲ್ರೀ!’’

‘‘ಚಿದ್ರ ಅಂತಿತ್ತು ಸರ್. ಅದು ನಿಷೇಧಿತ ಪದ, ಪಟ್ಟಿಯಲ್ಲಿ ಐದನೆಯದು. ಕಂಡ ಕೂಡಲೇ ತೆಗೆದುಹಾಕಿದೆ.’’

‘‘ತೆಗೆದು?’’

‘‘ಛಿದ್ರ ಮಾಡಿದೆ ಸರ್. ಅದು ಪಟ್ಟಿಯಲ್ಲಿಲ್ಲ.’’

‘‘ಎರಡೂ ಒಂದೇ ಕಣ್ರೀ!’’

‘‘ಒಂದೇ ಅಲ್ಲ ಸರ್. ಚಿದ್ರ ಅನ್ನೋ ಪದ ನಿಘಂಟಿನಲ್ಲೇ ಇಲ್ಲ. ಪಟ್ಟಿ ಬರೆದವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಗೆ ಹೇಳಲಿ? ಕೆಳಗೆ ಸಹಿ ತಮ್ಮದಿದೆ. ಪುಟದ ಮೇಲೂ ತಮ್ಮದಿದೆ.’’

ಸಾಹೇಬರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು, ಮಹಾಪ್ರಾಣ ಕಾಗದದ ಬೆನ್ನಿಗೆ ಅಂಟಿಕೊಂಡಿರಬಹುದು ಎನ್ನುವ ಹಾಗೆ. ಆಮೇಲೆ ಬಾಗಿಲು ಹಾಕಿಕೊಂಡು ಬರಲು ಹೇಳಿದರು. ನನಗೆ ಶಿಕ್ಷೆ ಕೊಟ್ಟರೆ ಯಾವ ತಪ್ಪಿಗೆ ಎಂದು ಕಾರಣ ಬರೆಯಬೇಕು. ಕಾರಣ ಬರೆದರೆ ಪಟ್ಟಿಯನ್ನು ಲಗತ್ತಿಸಬೇಕು. ಪಟ್ಟಿ ಮೇಲಿನವರಿಗೆ ಹೋದರೆ ಅವರ ಕಾಗುಣಿತವೂ ಜೊತೆಗೆ ಹೋಗುತ್ತದೆ. ಇದು ಅವರಿಗೆ ಅರ್ಥವಾಗಲು ಎರಡು ಲೋಟ ನೀರು ಹಿಡಿಯಿತು.

ಕೊನೆಗೆ ಸುಲಭದ ದಾರಿ ಹುಡುಕಿದ್ದಾರೆ. ಪತ್ರಿಕೆಯ ಮೊದಲ ಪುಟದಲ್ಲಿ, ಚೌಕಟ್ಟಿನೊಳಗೆ, ನಾಲ್ಕು ವಾರ ಈ ತಿದ್ದುಪಡಿ ಹಾಕಬೇಕೆಂದು ಸಂಪಾದಕರಿಗೆ ಆದೇಶ ಬರುತ್ತದೆ: ‘ಛಿದ್ರ ಎಂದಿರುವಲ್ಲೆಲ್ಲ ಭದ್ರ ಎಂದು ಓದಿಕೊಳ್ಳಬೇಕು.’

‘ಎಂದಿರುವಲ್ಲೆಲ್ಲ’ ಎಂದರೆ ವ್ಯಾಪ್ತಿ ಬಹಳ ದೊಡ್ಡದಾಗುತ್ತದೆ, ‘ಸೇತುವೆಯ ಸುದ್ದಿಯಲ್ಲಿ’ ಎಂದು ಸೇರಿಸಿ ಎಂದು ಹೇಳಹೊರಟೆ. ‘‘ನೀವು ಇನ್ನು ಏನನ್ನೂ ತಿದ್ದಬೇಡಿ’’ ಎಂದರು. ಆದೇಶ ಪಾಲಿಸಿದೆ.

ಅಕ್ಕನಿಗೆ ನನ್ನ ಗತಿಯ ಬಗ್ಗೆ ಏನೂ ಹೇಳಬೇಡ. ಗಿರಣಿಯ ದಾರಿಯಲ್ಲಿ ನಾಯಿಗಳಿವೆ. ಕೊಡೆ ಹಿಡಿದುಕೊಂಡು ಹೋಗಲಿ.

ನಿನ್ನ ಮಾವ


ಗುರುವಾರ, ಜುಲೈ 10

ಸೀಲುರಹಿತರೂ ಕುರ್ಚಿಸಹಿತರೂ ಆದ ಮಾವನವರಿಗೆ,

ನಮ್ಮ ಊರಿನ ಜನ ಕಾನೂನನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ತಿದ್ದುಪಡಿ ಎರಡು ವಾರ ಅಚ್ಚಾಯಿತು. ಓದಿಕೊಳ್ಳಬೇಕು ಎಂದಿದೆಯಲ್ಲ, ಓದಿಕೊಂಡರು. ಓದಿಕೊಂಡಿದ್ದನ್ನು ಮಾತಿನಲ್ಲೂ ಹಿಡಿದುಕೊಂಡರು. ಕೊಡೆ ರಿಪೇರಿಯವನ ಹತ್ತಿರ ಒಬ್ಬಾಕೆ, ‘‘ಗಾಳಿಗೆ ಸಿಕ್ಕಿ ಪೂರ್ತಿ ಭದ್ರವಾಗಿದೆ, ಏನಾದರೂ ಮಾಡೋಕಾಗುತ್ತಾ ನೋಡಿ’’ ಎಂದಳು. ಅವನು ಕಡ್ಡಿ ಎಣಿಸಿ, ‘‘ಇಷ್ಟು ಭದ್ರವಾದ ಮೇಲೆ ಎಸೆಯೋದೇ ವಾಸಿ’’ ಎಂದ. ಕ್ಷೌರದಂಗಡಿಯಲ್ಲಿ ಯಾರೋ ಪಕ್ಕದ ಬೀದಿಯ ಗಂಡಹೆಂಡಿರ ಬಗ್ಗೆ ದನಿ ತಗ್ಗಿಸಿ, ‘‘ಆ ಸಂಸಾರ ಭದ್ರವಂತೆ, ಪಾಪ’’ ಎಂದರು, ಕುಳಿತವರೆಲ್ಲ ಲೊಚಗುಟ್ಟಿದರು. ಅಮ್ಮನ ಶಾಲೆಯಲ್ಲಿ ಒಂದು ಹುಡುಗಿ ಹರಿದ ಲಂಗ ತಂದು, ‘‘ಟೀಚರ್, ಮೊಣಕಾಲ ಹತ್ತಿರ ಭದ್ರವಾಗಿದೆ’’ ಎಂದಳಂತೆ. ಔಷಧಿ ಅಂಗಡಿಯವರು ಮುಲಾಮಿನ ಹಳೆಯ ಜಾಹೀರಾತನ್ನೇ ಮತ್ತೆ ಹಾಕಿಸಿದ್ದಾರೆ: ‘ನಿಮ್ಮ ಹಿಮ್ಮಡಿ ಭದ್ರವಾಗಿದೆಯೇ?’ ಡಬ್ಬಿಗಳು ಮುಗಿದುಹೋಗಿವೆ.

ಇದೆಲ್ಲ ಬೀದಿಯ ಮಾತು. ನಿನ್ನೆ ಮಂತ್ರಿಗಳು ಬಂದಿದ್ದರು. ಶಾಲೆಯ ಮೈದಾನದಲ್ಲಿ ಸಭೆ. ಮೈಕು ಹಿಡಿದು, ಎದೆ ಉಬ್ಬಿಸಿ, ‘‘ಯಾರು ಏನೇ ಹೇಳಲಿ, ನಮ್ಮ ಸರ್ಕಾರ ಭದ್ರವಾಗಿದೆ!’’ ಎಂದರು.

ಮಾವ, ಅಂಥ ಚಪ್ಪಾಳೆಯನ್ನು ನಾನು ಕೇಳಿಲ್ಲ. ಜನ ಎದ್ದು ನಿಂತರು. ಮಂತ್ರಿಗಳಿಗೆ ಖುಷಿಯಾಗಿ, ‘‘ಇನ್ನೊಂದು ಸಲ ಹೇಳ್ತೀನಿ, ಮೇಲಿಂದ ಕೆಳಗಿನವರೆಗೆ ಭದ್ರವಾಗಿದೆ!’’ ಎಂದರು. ಮೊಳೆ ಜೋಡಿಸುವ ಅಜ್ಜ ನಕ್ಕು ನಕ್ಕು ಕೆಮ್ಮು ಹತ್ತಿ, ಅವರನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು. ವೇದಿಕೆಯ ಪಕ್ಕ ನಿಂತಿದ್ದ ನಿಮ್ಮ ಸಾಹೇಬರ ಮುಖ ಮಾತ್ರ ಭದ್ರವಾಗಿತ್ತು.

ಭಾಷಣವನ್ನು ಒಂದಕ್ಷರ ಬಿಡದೆ ಮೊಳೆ ಜೋಡಿಸಿ ಇವತ್ತಿನ ಲಕೋಟೆಯಲ್ಲಿ ಕಳಿಸಿದ್ದೇವೆ. ಮಂತ್ರಿಗಳ ಮಾತಿನ ಮೇಲೆ ಗೀಟು ಎಳೆಯುವ ಧೈರ್ಯ ಯಾವ ಅಧಿಕಾರಿಗಿದೆಯೋ ನೋಡೋಣ.

ಸೇತುವೆಯ ಮೇಲೆ ಈಗ ಯಾರೂ ಹೋಗುತ್ತಿಲ್ಲ. ಭದ್ರವಾಗಿದೆ ಎಂದು ಎಲ್ಲರಿಗೂ ಗೊತ್ತು.

ಕೊಂಬು


ಶುಕ್ರವಾರ, ಜುಲೈ 18

ಚಿ. ಕೊಂಬಿಗೆ,

ಭಾಷಣದ ಪುಟ ಕೋಣೆಯಲ್ಲಿ ಒಂದು ದಿನ ಸುತ್ತಾಡಿತು. ಅಧಿಕಾರಿ ಒಂದು ಎಚ್ಚರವಾಗಿಯೇ ಇದ್ದರು. ಕೊನೆಗೆ ಗೀಟಿಲ್ಲದೆ ಹೋಯಿತು.

ಸೋಮವಾರ ಇಂಜಿನಿಯರುಗಳು ಸೇತುವೆ ನೋಡಿ ಬಂದಿದ್ದಾರೆ. ಅವರು ಇಳಿಸಿದ ಕೋಲು ಹನ್ನೊಂದು ಇಂಚು ಹೋಯಿತಂತೆ. ಮುಚ್ಚಲೇಬೇಕು ಎಂದು ಬರೆದುಕೊಟ್ಟಿದ್ದಾರೆ. ಯಾಕೆ ಮುಚ್ಚಿದ್ದೆಂದು ಫಲಕ ಹಾಕಬೇಕು. ಬಿರುಕು ಎನ್ನುವಂತಿಲ್ಲ, ಛಿದ್ರ ಎನ್ನುವಂತಿಲ್ಲ. ಭದ್ರ ಎಂಬ ತಿದ್ದುಪಡಿ ಇನ್ನೂ ಜಾರಿಯಲ್ಲಿದೆ. ಸಾಹೇಬರು ಮೂರು ದಿನ ತಲೆ ಕೆಡಿಸಿಕೊಂಡು ತಾವೇ ಏನೋ ಬರೆದು ಕಳಿಸಿದರು. ನನಗೆ ತೋರಿಸಲಿಲ್ಲ.

ನನ್ನನ್ನು ಇವತ್ತಿನಿಂದ ಕೆಲಸದಿಂದ ಬಿಡುಗಡೆ ಮಾಡಿದ್ದಾರೆ. ಕಾರಣ: ದೃಷ್ಟಿದೋಷ. ಆದೇಶವನ್ನು ಓದಿ, ಎರಡು ತಪ್ಪು ತಿದ್ದಿ, ಸಹಿ ಮಾಡಿ ಕೊಟ್ಟೆ.

ಇನ್ನು ಎಲ್ಲಿಗೆ ಎಂದು ಯೋಚಿಸಿಲ್ಲ. ಬಸ್ಸು ಬೆಳಿಗ್ಗೆಯೂ ಇದೆ, ಸಂಜೆಯೂ ಇದೆ. ಇಳಿದ ಮೇಲೆ ಯಾರ ಮನೆ ಬಾಗಿಲು ತಟ್ಟುವುದು ಎಂಬುದೇ ಪ್ರಶ್ನೆ.

ನಿನ್ನ ಮಾವ


ಭಾನುವಾರ, ಜುಲೈ 20

ದೃಷ್ಟಿದೋಷದಿಂದ ಪೀಡಿತರಾದ ಮಾವನವರಿಗೆ,

ಬೆಳಿಗ್ಗೆ ಅಮ್ಮ, ನಾನು ಫಲಕ ನೋಡಲು ಹೋಗಿದ್ದೆವು. ಸೇತುವೆಗೆ ಅಡ್ಡಲಾಗಿ ಬಿದಿರು ಕಟ್ಟಿದ್ದಾರೆ. ಅದರ ಮೇಲೆ ಬಿಳಿ ಹಲಗೆ, ಕೆಂಪು ಅಕ್ಷರ. ಅಮ್ಮ ಗಟ್ಟಿಯಾಗಿ ಓದಿದಳು:

‘ಸೇತುವೆಯು ತುಂಬಾ ಭದ್ರವಾಗಿರುವುದರಿಂದ ಸಂಚಾರ ನಿಷೇಧಿಸಲಾಗಿದೆ.’

ಓದಿ ಮುಗಿಸಿ, ಬಿದಿರಿಗೆ ಒರಗಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನೀರು ನಿಲ್ಲಲಿಲ್ಲ, ನಗು ನಿಂತಿತ್ತು. ನಾನು ಹೊಳೆಯ ಕಡೆ ನೋಡುತ್ತಾ ನಿಂತೆ.

ಈಗ ನಗೆಯನ್ನು ಪಕ್ಕಕ್ಕಿಟ್ಟು ಒಂದು ಪ್ರಶ್ನೆ. ಜೂನ್ ಹತ್ತೊಂಬತ್ತರ ಆ ಪ್ರೂಫಿನಲ್ಲಿ ನಾನು ‘ಚಿದ್ರ’ ಒಂದನ್ನೇ ಇಟ್ಟಿರಲಿಲ್ಲ. ಅನುಮಾನ ಬಾರದಿರಲಿ ಎಂದು ಅದೇ ಪುಟದಲ್ಲಿ ಬೇಕೆಂದೇ ಇನ್ನೂ ನಾಲ್ಕು ತಪ್ಪು ಇಟ್ಟಿದ್ದೆ. ‘ವಿದ್ಯಾರ್ತಿ’ ಇತ್ತು. ‘ಬಾಷಣ’ ಇತ್ತು. ಕುರುಡರಿಗೂ ಕಾಣುವಂಥವು. ಮೂವತ್ತೊಂದು ವರ್ಷ ಒಂದು ಸೊನ್ನೆ ಬಿಡದ ನೀವು ಅವು ನಾಲ್ಕನ್ನೂ ಮುಟ್ಟಿಲ್ಲ. ಒಂದೇ ಒಂದು ಅಕ್ಷರದ ಸುತ್ತ ಸುತ್ತು ಹಾಕಿದ್ದೀರಿ.

ಮಾವ, ಅವತ್ತು ನಿಮಗೆ ಕಂಡದ್ದು ಅಕ್ಷರವೋ, ಅರ್ಥವೋ?

ಕೊಂಬು


ಮಂಗಳವಾರ, ಜುಲೈ 22

ಚಿ. ಕೊಂಬಿಗೆ,

ದೃಷ್ಟಿದೋಷ ಎಂದು ಸರ್ಕಾರವೇ ಹೇಳಿದೆ. ಸರ್ಕಾರದ ಮಾತನ್ನು ನಂಬಬೇಕು.

ಫಲಕದಲ್ಲಿ ‘ತುಂಬಾ’ ಎಂದು ದೀರ್ಘ ಹಾಕಿದ್ದಾರೆಯೇ? ‘ತುಂಬ’ ಸಾಕಾಗಿತ್ತು.

ನಿನ್ನ ಮಾವ


ಗುರುವಾರ, ಜುಲೈ 24

ತಮ್ಮಾ,

ನಿನಗೆ ಅಕ್ಷರ ಕಲಿಸಿದವಳು ನಾನು. ಛತ್ರಿ ಬರೆ ಅಂದರೆ ಪ್ರತಿ ಸಲ ಚತ್ರಿ ಬರೆಯುತ್ತಿದ್ದೆ. ಛದ ಬಾಲ ಎಲ್ಲೋ ಅಂದರೆ ‘ಮಳೆಗೆ ಕೊಚ್ಚಿಕೊಂಡು ಹೋಯ್ತಕ್ಕಾ’ ಅನ್ನುತ್ತಿದ್ದೆ. ಎಷ್ಟು ಸಲ ಬೆರಳ ಗೆಣ್ಣಿಗೆ ಹೊಡೆದಿದ್ದೇನೋ. ಒಂದು ಛ ಬರೆಯಲು ಐವತ್ತು ವರ್ಷ ತೆಗೆದುಕೊಂಡೆ. ಪರವಾಗಿಲ್ಲ, ಚೆನ್ನಾಗಿ ಬರೆದಿದ್ದೀಯ.

ಸಂಜೆಯ ಬಸ್ಸಿಗೆ ಬಾ. ಗಿರಣಿಯ ಹತ್ತಿರ ಇಳಿ. ನಾಯಿಗಳಿಗೆ ಹೆದರಬೇಡ, ಕೊಡೆ ಹಿಡಿದುಕೊಂಡು ನಾನೇ ನಿಂತಿರುತ್ತೇನೆ.

ಪ್ರೆಸ್ಸಿನಿಂದ ನಿನ್ನ ಕುರ್ಚಿಯ ದಿಂಬು ತರಿಸಿ ನೋಡಿದೆ. ಮೂರು ಕಡೆ ಭದ್ರವಾಗಿತ್ತು. ಹೊಲಿದಿಟ್ಟಿದ್ದೇನೆ.

ಅಕ್ಕ